ಪ್ರಾಣಿಜನ್ಯ ಪದಾರ್ಥಗಳ ಪರಿಶೀಲನೆ: ನ್ಯೂಜಿಲೆಂಡಿನ ಪದ್ಧತಿ

ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಸೂನಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ವಿಧಿಸುವ ಪ್ರಕರಣವೊಂದುಂಟು. ಮೈಸೂರಿನ ಸರ್ಕಾರಿ ಓರಿಯಂಟಲ್ ಲೈಬ್ರರಿಗೆ ಬಂದ ಹಸ್ತಪ್ರತಿಯನ್ನಾಧರಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಈ ಗ್ರಂಥವನ್ನು ಪ್ರಕಟಿಸಿದಂದಿನಿಂದ ವಿದ್ವಾಂಸರು ಅದರ ರಾಜನೀತಿಯನ್ನು ಕುರಿತು ಬಹಳವಾಗಿ ಬರೆದಿರುವರು. ಕಸಾಯಿಖಾನೆಯ ಅಧಿಕಾರಿಯನ್ನು ಕುರಿತು ಬರೆದವರು ವಿರಳ. ಆದರೂ ಆ ಪ್ರಕರಣವು ಗಮನಿಸತಕ್ಕದ್ದಾಗಿದೆ. ಹೊಸದಾಗಿ ಕೊಂದ ಮೃಗಗಳ ಮಾಂಸವನ್ನೇ ಮಾರಬೇಕೆಂದೂ, ತೂಕದಲ್ಲಿ ಕಡಮೆಮಾಡಿದವನು ಎಂಟರಷ್ಟನ್ನು ತೆರಬೇಕೆಂದೂ ಅಲ್ಲಿ ವಿಧಿಯಿದೆ. ನಿಯತವಾದ ಸ್ಥಳದ ಹೊರಗೆ ಕೊಂದ, ತಲೆಕಾಲುಗಳಿಲ್ಲದ, ದುರ್ಗಂಧ ಬಡಿದ, ತಾನಾಗಿ ಸತ್ತ ಪ್ರಾಣಿಯ ಮಾಂಸವನ್ನು ಮಾರಿದವನಿಗೆ 12 ಪಣ ದಂಡ. ದುರ್ಗಂಧದ ಮಾಂಸವನ್ನು ನಿಷೇಧಿಸಿದುದು ಸಹಜವೇ. ತಲೆಕಾಲುಗಳಿಲ್ಲದ ಮಾಂಸದ ನಿಷೇಧವು ಮಾತ್ರ ಬೇರೊಂದು ಯೋಚನೆಯಿಂದ ಹುಟ್ಟಿದಂತೆ ತೋರುತ್ತದೆ. ತಲೆಕಾಲುಗಳಿಲ್ಲದಿದ್ದರೆ ಆ ಮಾಂಸವು ರುಚಿಗೆಡುವುದಿಲ್ಲ. ಆದರೆ ಅದು ಯಾವ ಪ್ರಾಣಿಯದೆಂಬುದಕ್ಕೆ ಸಾಕ್ಷ್ಯವೇ ಇಲ್ಲದೆ ಹೋಗುವುದು. ಸಾಕ್ಷ್ಯವಿಲ್ಲದ ಪದಾರ್ಥವು ಒಳ್ಳೆಯದಾಗಿದ್ದರೂ ಮಾರಾಟಕ್ಕೆ ಅರ್ಹವಲ್ಲವೆಂಬ ಈ ಭಾವನೆಯೇ ಇಂದಿನ ಆಹಾರಪರಿಶೀಲನಾ ಪದ್ಧತಿಗಳ ಬೀಜವೆಂದರೆ ತಪ್ಪಾಗಲಾರದು.

ಕೌಟಿಲ್ಯನ ಏರ್ಪಾಟಿನಲ್ಲಿ ಇದ್ದವರು ಇಬ್ಬರೇ: ಮಾರುವವನೊಬ್ಬ, ಅರಸನ ಕಡೆಯವನೊಬ್ಬ. ಇತ್ತೀಚಿನ ಕಾಲದಲ್ಲಿ ಇವರಿಬ್ಬರ ನಡುವೆ ಮೂರನೆಯವನೊಬ್ಬನು ತಲೆದೋರಿರುವನು. ಇವನು ಮಾರುವವನ ಆಳಲ್ಲ. ಅನೇಕ ಸಂದರ್ಭಗಳಲ್ಲಿ ಸರ್ಕಾರದ ನೌಕರನೂ ಅಲ್ಲ. ಆದರೆ ಇವನ ವರದಿಯನ್ನು ನಂಬಿಯೇ ಸರ್ಕಾರವು ಪರದೇಶಗಳಿಗೆ ಭರವಸೆ ಕೊಡುತ್ತದೆ. ಈ ಮೂರನೆಯವನ ಸ್ಥಾನವನ್ನು ಶಾಸನದಲ್ಲಿಯೇ ಸ್ಪಷ್ಟವಾಗಿ ನಿರ್ದೇಶಿಸಿದ ದೇಶಗಳಲ್ಲಿ ನ್ಯೂಜಿಲೆಂಡ್ ಮುಖ್ಯವಾದುದು. ಆ ಪದ್ಧತಿಯು ಹೇಗೆ ನಡೆಯುತ್ತದೆ, ಅದರ ದೃಷ್ಟಿಗೆ ಬೀಳುವುದೇನು, ಬೀಳದಿರುವುದೇನು ಎಂಬುದನ್ನು ತಿಳಿಯುವುದಕ್ಕೆ 2013ರಲ್ಲಿ ಅಲ್ಲಿ ನಡೆದ ಒಂದು ಪ್ರಸಂಗವು ಬಹಳ ಸಹಾಯಕವಾಗಿದೆ. ಅದಕ್ಕೆ ಮೊದಲು ಪೂರ್ವಚರಿತ್ರೆಯನ್ನು ಕೊಂಚ ನೋಡಬೇಕು.

1882ನೆಯ ಇಸವಿ ಫೆಬ್ರವರಿ 15ರಂದು ‘ಡ್ಯುನೆಡಿನ್’ ಎಂಬ ಹಾಯಿಹಡಗು ನ್ಯೂಜಿಲೆಂಡಿನ ದಕ್ಷಿಣದ್ವೀಪದ ಪೋರ್ಟ್ ಚಾಮರ್ಸ್ ರೇವಿನಿಂದ ಹೊರಟಿತು. ಅದರ ಒಡಲಲ್ಲಿ ಸುಮಾರು 5,000 ಕುರಿಗಳ ಹೆಪ್ಪುಗಟ್ಟಿಸಿದ ಮಾಂಸವಿದ್ದಿತು. 98 ದಿನಗಳ ಪ್ರಯಾಣದ ಮೇಲೆ, ಮೇ 24ರಂದು, ಅದು ಲಂಡನ್ ನಗರವನ್ನು ಮುಟ್ಟಿತು, ಮಾಂಸವು ಕೆಟ್ಟಿರಲಿಲ್ಲ. ಉಣ್ಣೆಯನ್ನು ಮಾತ್ರ ಮಾರಿ ಜೀವಿಸುತ್ತಿದ್ದ ಕುರಿಸಾಕಣೆಗಾರರಿಗೆ ಅಂದಿನಿಂದ ಮಾಂಸ, ಬೆಣ್ಣೆ, ಗಿಣ್ಣುಗಳ ವ್ಯಾಪಾರವು ತೆರೆಯಿತು. ಆದರೆ ಈ ವ್ಯಾಪಾರಕ್ಕೆ ಒಂದು ವಿಶೇಷ ತೊಡಕುಂಟು. ಊರ ಸಂತೆಯಲ್ಲಿ ಕೊಳ್ಳುವವನು ಕಣ್ಣಿನಿಂದ ನೋಡಿ, ಮೂಸಿ, ಮುಟ್ಟಿ ಕೊಳ್ಳುತ್ತಾನೆ. ಮಾರುವವನ ಮನೆತನವನ್ನೂ ಬಲ್ಲ. ಮೂರು ತಿಂಗಳ ಹಾದಿಯಾಚೆ ಇರುವವನಿಗೆ ಇವೊಂದೂ ಸಾಧ್ಯವಿಲ್ಲ. ಅವನು ಕೊಳ್ಳುವುದು ಮಾಂಸವನ್ನಲ್ಲ, ಮಾಂಸದ ಮೇಲಿನ ಮುದ್ರೆಯನ್ನು. ಆ ಮುದ್ರೆಯ ಮಾನವನ್ನು ಕಾಪಾಡುವುದಕ್ಕಾಗಿ 1900ರಲ್ಲಿ ಅಲ್ಲಿಯ ಪಾರ್ಲಿಮೆಂಟು ವಧೆ ಮತ್ತು ತನಿಖೆಗಳ ಶಾಸನವನ್ನು ಮಾಡಿ ಕಸಾಯಿಖಾನೆಗಳಲ್ಲಿ ಸರ್ಕಾರದ ತನಿಖೆಗಾರರನ್ನು ನಿಲ್ಲಿಸಿತು. ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ನಡೆದುಬಂದುದು ಇದೇ ಕ್ರಮ: ಸರ್ಕಾರದ ಮನುಷ್ಯನು ನಿಂತು ನೋಡುವುದು, ಕೆಟ್ಟದ್ದನ್ನು ಬೇರ್ಪಡಿಸುವುದು, ಒಳ್ಳೆಯದಕ್ಕೆ ಮುದ್ರೆಯೊತ್ತುವುದು.

ಈ ಕ್ರಮದಲ್ಲಿ ದೋಷವೇನೆಂದು ಕೇಳಬಹುದು. ಕಣ್ಣಿಗೆ ಕಾಣುವ ರೋಗಗಳ ಮಟ್ಟಿಗೆ ದೋಷವು ಹೆಚ್ಚಿಲ್ಲ. ಆದರೆ ಹಾಲಿನ ಪುಡಿಯಲ್ಲಿರುವ ಸೂಕ್ಷ್ಮಜೀವಿಯು ಯಾವ ತನಿಖೆಗಾರನ ಕಣ್ಣಿಗೂ ಬೀಳದು. ಹಾಗಾದರೆ ಸಿದ್ಧವಾದ ಪದಾರ್ಥವನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದರಾಯಿತೆಂದು ತೋರುವುದು. ಇಲ್ಲಿ ಗಣಿತವು ಅಡ್ಡಬರುತ್ತದೆ. ಒಂದು ತಂಡದ ಪೊಟ್ಟಣಗಳಲ್ಲಿ ಸಾವಿರಕ್ಕೊಂದು ಕೆಟ್ಟಿದೆಯೆಂದು ಊಹಿಸೋಣ. 60 ಪೊಟ್ಟಣಗಳನ್ನು ಆರಿಸಿ ಒಡೆದು ಪರೀಕ್ಷಿಸಿದರೆ ಅವುಗಳಲ್ಲಿ ಕೆಟ್ಟದ್ದೊಂದಾದರೂ ಸಿಕ್ಕುವ ಸಂಭವವು ನೂರಕ್ಕೆ ಆರರಷ್ಟು ಮಾತ್ರ. ನೂರಕ್ಕೊಂದು ಕೆಟ್ಟಿದ್ದರೂ ಆ ಸಂಭವವು ನೂರಕ್ಕೆ 45ನ್ನು ಮೀರುವುದಿಲ್ಲ. ಹೆಚ್ಚು ಪೊಟ್ಟಣಗಳನ್ನು ಒಡೆದಷ್ಟೂ ಮಾರುವುದಕ್ಕೆ ಉಳಿಯುವುದು ಕಡಮೆಯಾಗುತ್ತ ಬರುವುದು. ಪರೀಕ್ಷೆಯಲ್ಲಿ ದೋಷವು ಕಾಣಲಿಲ್ಲವೆಂಬುದಕ್ಕೂ ದೋಷವಿಲ್ಲವೆಂಬುದಕ್ಕೂ ಇರುವ ಅಂತರವು ಈ ಲೆಕ್ಕದಿಂದ ವಿಶದವಾಗುತ್ತದೆ.

ಇದಕ್ಕಿಂತಲೂ ಗಂಭೀರವಾದ ತೊಂದರೆಯೊಂದಿದೆ: ಪರೀಕ್ಷೆಯ ಮರ್ಮವನ್ನರಿತವನು ಅದನ್ನು ವಂಚಿಸಬಲ್ಲನು. ಹಾಲಿನಲ್ಲಿರುವ ಪ್ರೋಟೀನನ್ನು ಅಳೆಯುವುದಕ್ಕೆ ಡೆನ್ಮಾರ್ಕಿನ ಕೆಲ್ಡಾಲ್ ಎಂಬ ರಸಾಯನಶಾಸ್ತ್ರಜ್ಞನು 1883ರಲ್ಲಿ ಪ್ರಕಟಿಸಿದ ವಿಧಾನವು ಎಲ್ಲೆಡೆಯೂ ಪ್ರಚಾರಕ್ಕೆ ಬಂದಿತು. ಅದು ಪ್ರೋಟೀನನ್ನು ನೇರವಾಗಿ ಅಳೆಯದೆ ಅದರಲ್ಲಿರುವ ಸಾರಜನಕವನ್ನು ಅಳೆಯುತ್ತದೆ. ಬಂದ ಅಂಕಿಯನ್ನು 6.38ರಿಂದ ಗುಣಿಸಿದರೆ ಹಾಲಿನ ಪ್ರೋಟೀನು ಸಿಕ್ಕಿತೆಂದು ಎಣಿಕೆ. ಮೆಲಮಿನ್ ಎಂಬ ಕೃತಕ ರಾಸಾಯನಿಕದಲ್ಲಿ ತೂಕದ ಮೂರರಲ್ಲೆರಡು ಪಾಲು ಸಾರಜನಕವೇ ಆಗಿರುವುದು. ಆದ್ದರಿಂದ ನೀರು ಬೆರೆಸಿದ ಹಾಲಿಗೆ ಒಂದು ಗ್ರಾಂ ಮೆಲಮಿನ್ ಹಾಕಿದರೆ ಈ ಪರೀಕ್ಷೆಯು ಅದನ್ನು ನಾಲ್ಕು ಗ್ರಾಂಗೂ ಮಿಕ್ಕ ಪ್ರೋಟೀನೆಂದು ಓದುತ್ತದೆ. ಚೀನಾದೇಶದಲ್ಲಿ 2008ರಲ್ಲಿ ಬಯಲಿಗೆ ಬಂದುದು ಇದೇ ವಂಚನೆ. ಸುಮಾರು ಮೂರು ಲಕ್ಷ ಶಿಶುಗಳು ಅಸ್ವಸ್ಥವಾದವು; ಆರು ಶಿಶುಗಳು ಸತ್ತವೆಂದು ಸರ್ಕಾರವು ಒಪ್ಪಿಕೊಂಡಿತು. ಈ ದುರಂತದ ಕೇಂದ್ರದಲ್ಲಿದ್ದ ಸಾನ್‌ಲು ಎಂಬ ಕಂಪೆನಿಯ ಪದಾರ್ಥಗಳಿಗೆ, ಅವು ಉತ್ತಮವೆಂಬ ಖ್ಯಾತಿಯ ಕಾರಣದಿಂದಲೇ, ಸರ್ಕಾರದ ತನಿಖೆಯಿಂದ ವಿನಾಯಿತಿ ದೊರೆತಿದ್ದಿತು! ಆ ವರ್ಷದ ಸೆಪ್ಟೆಂಬರಿನಲ್ಲಿ ವಿನಾಯಿತಿಯ ಪದ್ಧತಿಯನ್ನೇ ರದ್ದುಮಾಡಲಾಯಿತು. ಸಾನ್‌ಲು ಕಂಪೆನಿಯ ಬಂಡವಾಳದಲ್ಲಿ ನೂರಕ್ಕೆ 43 ಪಾಲು ನ್ಯೂಜಿಲೆಂಡಿನ ಫಾಂಟೆರಾ ಎಂಬ ಗೋಪಾಲಕರ ಸಹಕಾರ ಸಂಸ್ಥೆಯದಾಗಿದ್ದಿತೆಂಬುದನ್ನು ಇಲ್ಲಿ ಜ್ಞಾಪಕದಲ್ಲಿಡತಕ್ಕದ್ದು; ಮುಂದೆ ಹೇಳುವ ಪ್ರಸಂಗವು ಅದೇ ಸಂಸ್ಥೆಗೆ ಸೇರಿದ್ದು.

ಕೊನೆಯಲ್ಲಿ ಪರೀಕ್ಷಿಸುವುದರ ಬದಲು ತಯಾರಿಕೆಯ ಹಾದಿಯಲ್ಲಿಯೇ ಕಾವಲಿಡಬೇಕೆಂಬ ವಿಚಾರವು 1960ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿತು. ಆಕಾಶಯಾನಿಗಳಿಗೆ ಆಹಾರವನ್ನು ಸಿದ್ಧಪಡಿಸುತ್ತಿದ್ದ ಪಿಲ್ಸ್‌ಬರಿ ಕಂಪೆನಿ, ನಾಸಾ ಸಂಸ್ಥೆ ಮತ್ತು ಸೈನ್ಯದ ನೇಟಿಕ್ ಪ್ರಯೋಗಶಾಲೆ, ಇವು ಕೂಡಿ ಇದನ್ನು ರೂಪಿಸಿದವು. ತಯಾರಿಕೆಯ ಹಂತಗಳಲ್ಲಿ ಯಾವುದು ತಪ್ಪಿದರೆ ಅಪಾಯವು ಒದಗುವುದೋ ಅದನ್ನು ಮೊದಲೇ ಗುರುತಿಸಿ, ಅಲ್ಲಿ ಮೀರಬಾರದ ಎಲ್ಲೆಯನ್ನು ಗೊತ್ತುಮಾಡಿ, ಆ ಎಲ್ಲೆಯನ್ನು ಪಾಲಿಸಿದುದಕ್ಕೆ ಪ್ರತಿಕ್ಷಣದ ದಾಖಲೆಯನ್ನಿಡಬೇಕೆಂಬುದು ಇದರ ಸಾರಾಂಶ. ಹಾಲನ್ನು 72 ಡಿಗ್ರಿ ಸೆಂಟಿಗ್ರೇಡ್ ಉಷ್ಣದಲ್ಲಿ 15 ಸೆಕೆಂಡುಗಳಾದರೂ ಇರಿಸಬೇಕೆಂಬುದು ಅಂತಹ ಒಂದು ಎಲ್ಲೆ. ಇಂತಹ ಕ್ರಮದಲ್ಲಿ ತನಿಖೆಗಾರನು ಹಾಲನ್ನು ನೋಡುವುದಕ್ಕಿಂತ ಹೆಚ್ಚಾಗಿ ಉಷ್ಣಮಾಪಕದ ದಾಖಲೆಯನ್ನು ನೋಡುತ್ತಾನೆ. ಪದಾರ್ಥದಿಂದ ಬರಹಕ್ಕೆ ದೃಷ್ಟಿಯು ತಿರುಗಿದ ಈ ಬದಲಾವಣೆಯು ಸಣ್ಣದಲ್ಲ.

ನ್ಯೂಜಿಲೆಂಡಿನ 1999ರ ಪ್ರಾಣಿಜನ್ಯ ಪದಾರ್ಥಗಳ ಶಾಸನವು ಈ ದೃಷ್ಟಿಯ ಮೇಲೆಯೇ ನಿಂತಿದೆ. ಮಾಂಸ, ಮೀನು, ಮೊಟ್ಟೆ, ಜೇನು ಇವೆಲ್ಲವೂ ಅದರ ವ್ಯಾಪ್ತಿಗೆ ಸೇರುತ್ತವೆ; ಪ್ರತ್ಯೇಕ ಶಾಸನಕ್ಕೆ ಒಳಪಟ್ಟಿದ್ದ ಹಾಲಿನ ಉದ್ಯಮವು 2005ರಲ್ಲಿ ಇದರೊಳಗೆ ಬಂದಿತು. ಶಾಸನಕ್ಕೆ ಒಳಪಟ್ಟ ಉದ್ಯಮಿಯು ಮೊಟ್ಟಮೊದಲು ತನ್ನ ಕೆಲಸವನ್ನೆಲ್ಲ ಬರಹದಲ್ಲಿಳಿಸಬೇಕು: ಏನನ್ನು ತಯಾರಿಸುವೆನು, ಯಾವ ಯಂತ್ರದಿಂದ, ಯಾವ ಕ್ರಮದಲ್ಲಿ, ಎಲ್ಲಿ ಯಾವ ಅಪಾಯವಿದೆ, ಅದನ್ನು ಹೇಗೆ ತಡೆಯುವೆನು, ತಪ್ಪಿದರೆ ಏನು ಮಾಡುವೆನು. ಈ ಬರಹಕ್ಕೆ ಅಪಾಯನಿರ್ವಹಣಾ ಯೋಜನೆಯೆಂದು ಹೆಸರಿಡಬಹುದು. ಉದ್ಯಮಕ್ಕೆ ಸಂಬಂಧವಿಲ್ಲದ ಮೌಲ್ಯಮಾಪಕನೊಬ್ಬನು ಸ್ಥಳಕ್ಕೆ ಬಂದು ಅದನ್ನು ಪರೀಕ್ಷಿಸುತ್ತಾನೆ. ಸರ್ಕಾರವು ಒಪ್ಪಿದ ಮಾದರಿಯನ್ನನುಸರಿಸಿ ಬರೆದ ಯೋಜನೆಗಳಿಗೆ ಈ ಹಂತವನ್ನು ಬಿಡುವುದೂ ಉಂಟು. ಆಮೇಲೆ ಸರ್ಕಾರದ ಇಲಾಖೆಯು ಯೋಜನೆಯನ್ನು ನೋಂದಾಯಿಸುತ್ತದೆ. ನೋಂದಾವಣೆಯಾದ ಬಳಿಕ ಮೂರನೆಯವನಾದ ಪರಿಶೀಲಕನ ಕೆಲಸವು ಆರಂಭವಾಗುವುದು.

ಪರಿಶೀಲನೆಯೆಂಬ ಮಾತು ಕನ್ನಡದಲ್ಲಿ ಸ್ವಲ್ಪ ಸಡಿಲವಾಗಿಯೇ ಬಳಕೆಯಲ್ಲಿದೆ. ತನಿಖೆ, ಪರೀಕ್ಷೆ, ಶೋಧನೆ ಎಂಬವನ್ನೆಲ್ಲ ಒಂದರ ಬದಲು ಇನ್ನೊಂದನ್ನು ಬಳಸುವುದುಂಟು. ಇಲ್ಲಿ ಉದ್ದಿಷ್ಟವಾದ ಕೆಲಸಕ್ಕೆ ನಮ್ಮ ಜನರ ಬಾಯಲ್ಲಿರುವ ‘ತಾಳೆ ನೋಡುವುದು’ ಎಂಬುದೇ ಸರಿಯಾದ ಮಾತು. ಪರೀಕ್ಷಕನು ಹಾಲು ಒಳ್ಳೆಯದೇ ಎಂದು ಕೇಳುತ್ತಾನೆ; ಪರಿಶೀಲಕನಾದರೋ ಬರೆದಂತೆ ನಡೆದಿದೆಯೇ, ನಡೆದಂತೆ ಬರೆದಿದೆಯೇ ಎಂದು ಕೇಳುತ್ತಾನೆ. ಪ್ರಾಚೀನ ಕಾವ್ಯಗಳ ಓಲೆಗರಿಗಳನ್ನು ಒಂದಕ್ಕೊಂದು ಹೋಲಿಸಿ ಪಾಠವನ್ನು ನಿರ್ಣಯಿಸುವವರಿಗೆ ಈ ಕೆಲಸದ ಬಗೆಯೂ ಅದರ ಮಿತಿಯೂ ಅಪರಿಚಿತವಲ್ಲ. ಮಾತೃಕೆಯಿಂದ ಪ್ರತಿಯು ಎಲ್ಲಿ ಬೇರೆಯಾಯಿತೆಂಬುದನ್ನು ತಾಳೆ ನೋಡುವವನು ಕಂಡುಹಿಡಿಯುವನು. ಮಾತೃಕೆಯಲ್ಲಿಯೇ ತಪ್ಪಿದ್ದರೆ, ಅಥವಾ ಲಿಪಿಕಾರನು ಒಂದು ಗರಿಯನ್ನೇ ಬಚ್ಚಿಟ್ಟಿದ್ದರೆ, ಅವನ ಶ್ರಮವು ವ್ಯರ್ಥವಾಗುವುದು.

ಪರಿಶೀಲಕನು ಕಾರ್ಖಾನೆಗೆ ಬಂದಾಗ ಮಾಡುವುದೇನೆಂದರೆ, ಮೊದಲು ಯೋಜನೆಯ ಗ್ರಂಥವನ್ನೂ ಹಿಂದಿನ ಭೇಟಿಯ ವರದಿಯನ್ನೂ ತೆರೆದು, ಅಂದು ತೋರಿಸಿದ ದೋಷಗಳು ತಿದ್ದುಪಡಿಯಾಗಿವೆಯೇ ಎಂದು ನೋಡುವನು. ಆಮೇಲೆ ತಯಾರಿಕೆಯ ನೆಲದ ಮೇಲೆ ನಡೆದು, ಬರಹದಲ್ಲಿರುವ ಹಂತಗಳು ಅದೇ ಕ್ರಮದಲ್ಲಿ ನಡೆಯುತ್ತಿವೆಯೇ ಎಂದು ಕಣ್ಣಾರೆ ಕಾಣುವನು. ಕೆಲಸಗಾರರನ್ನು ಮಾತಾಡಿಸುವನು; ಎಲ್ಲೆ ಮೀರಿದರೆ ಏನು ಮಾಡುವಿರೆಂದು ಕೇಳುವನು; ಅವರ ಉತ್ತರವೂ ಪುಸ್ತಕದ ಉತ್ತರವೂ ಒಂದೇ ಆಗಿವೆಯೇ ಎಂದು ಗಮನಿಸುವನು. ಮಾರಾಟವಾದ ಒಂದು ತಂಡದ ಸಂಖ್ಯೆಯನ್ನು ಹಿಡಿದು, ಅದು ಯಾವ ದಿನ, ಯಾವ ಯಂತ್ರದಲ್ಲಿ, ಯಾವ ಹಾಲಿನಿಂದ ಆಯಿತೆಂಬುದನ್ನು ಹಿಂದು ಹಿಂದಕ್ಕೆ ಹುಡುಕಿಸುವುದೂ ಉಂಟು. ಉಷ್ಣಮಾಪಕವು ಸರಿಯಾಗಿದೆಯೆಂಬುದಕ್ಕೆ ದಾಖಲೆಯೇನು, ಆ ದಾಖಲೆಯನ್ನು ಕೊಟ್ಟವರಾರು ಎಂದು ವಿಚಾರಿಸುವನು. ತಿಂಗಳ ಮೂವತ್ತು ದಿನದ ನಮೂದುಗಳೂ ಒಂದೇ ಶಾಯಿಯಲ್ಲಿ, ಒಂದೇ ಕೈಯಲ್ಲಿ, ಒಂದೇ ಏರಿನಲ್ಲಿ ಇದ್ದರೆ, ಅವು ಮೂವತ್ತು ದಿನಗಳಲ್ಲಿ ಬರೆದವಲ್ಲ, ಒಂದು ಮಧ್ಯಾಹ್ನದಲ್ಲಿ ಕುಳಿತು ತುಂಬಿದವು ಎಂಬ ಸಂಶಯವು ಹುಟ್ಟುವುದು. ಅಕ್ಷರದ ರೂಪದಿಂದ ಶಾಸನದ ಕಾಲವನ್ನು ಊಹಿಸುವವರು ಈ ಜಾಣತನವನ್ನು ಮೆಚ್ಚದಿರಲಾರರು. ಕೊನೆಗೆ ಕಂಡ ದೋಷಗಳನ್ನು ಅವುಗಳ ತೂಕಕ್ಕೆ ತಕ್ಕಂತೆ ವಿಂಗಡಿಸಿ, ತಿದ್ದುವುದಕ್ಕೆ ಗಡುವನ್ನು ಗೊತ್ತುಮಾಡಿ ವರದಿಯನ್ನು ಬರೆಯುವನು. ಗುರುತರವಾದವನ್ನು ಸರ್ಕಾರಕ್ಕೆ ತಿಳಿಸುವನು. ಒಂದನ್ನು ಮಾತ್ರ ಅವನು ಮಾಡಕೂಡದು: ಹೇಗೆ ತಿದ್ದಬೇಕೆಂದು ಹೇಳಿಕೊಡುವುದು. ತಾನೇ ಕೊಟ್ಟ ಸಲಹೆಯನ್ನು ಮುಂದಿನ ಭೇಟಿಯಲ್ಲಿ ತಾನೇ ತೂಗಿನೋಡಬೇಕಾಗುವುದಷ್ಟೆ.

ಭೇಟಿಗಳ ನಡುವಣ ಅವಧಿಯು ಸ್ಥಿರವಾದುದಲ್ಲ. ನೆಟ್ಟಗೆ ನಡೆಯುವ ಉದ್ಯಮಕ್ಕೆ ಅವಧಿಯು ಹಂತಹಂತವಾಗಿ ಉದ್ದವಾಗುತ್ತದೆ. ದೋಷವು ಕಂಡರೆ ಕುಗ್ಗುತ್ತದೆ. ಭೇಟಿಯ ಖರ್ಚನ್ನು ಉದ್ಯಮಿಯೇ ತೆರಬೇಕಾದುದರಿಂದ ನೇರವಾಗಿ ನಡೆಯುವವನಿಗೆ ಹಣವೂ ಉಳಿಯುವುದು. ಏರ್ಪಾಟು ಚತುರವಾದುದೇ. ಆದರೆ ಪರಿಶೀಲಿಸಲ್ಪಡುವವನೇ ಪರಿಶೀಲಕನಿಗೆ ಕೂಲಿ ಕೊಡುವನೆಂಬ ಅಂಶವು ಇದರಲ್ಲಿಯೇ ಅಡಗಿದೆ. ಋಣಿಯಾದವನು ನಿಷ್ಠುರನಾಗಬಲ್ಲನೇ ಎಂಬ ಆಕ್ಷೇಪಣೆಯು ಈ ಪದ್ಧತಿಯ ಮೇಲೆ ಎಲ್ಲ ದೇಶಗಳಲ್ಲಿಯೂ ಬಂದಿರುತ್ತದೆ. ಅದನ್ನು ಹಗುರವಾಗಿ ತಳ್ಳಿಬಿಡುವಂತಿಲ್ಲ. ನ್ಯೂಜಿಲೆಂಡಿನವರು ಇದಕ್ಕೆ ಹೂಡಿದ ಪ್ರತೀಕಾರಗಳು ಹಲವು. ಪರಿಶೀಲನೆಯನ್ನು ಮಾಡುವ ಸಂಸ್ಥೆಗೂ, ಅದರಲ್ಲಿ ಕೆಲಸಮಾಡುವ ವ್ಯಕ್ತಿಗೂ ಸರ್ಕಾರದ ಮನ್ನಣೆ ಬೇಕು. ಅದನ್ನು ಹಿಂತೆಗೆದುಕೊಳ್ಳುವ ಅಧಿಕಾರವು ಸರ್ಕಾರಕ್ಕಿದೆ. ತನಿಖಾಸಂಸ್ಥೆಗಳಿಗಾಗಿ ಅಂತರರಾಷ್ಟ್ರೀಯವಾಗಿ ಗೊತ್ತುಮಾಡಿರುವ 17020 ಸಂಖ್ಯೆಯ ನಿಯಮಾವಳಿಗೆ ಅನುಗುಣವಾಗಿ ಸಂಸ್ಥೆಯು ನಡೆಯುತ್ತಿದೆಯೆಂದು ಮಾನ್ಯತಾಮಂಡಲಿಯೊಂದು ನೋಡಿ ಹೇಳಬೇಕು. ಹೀಗೆ ನೋಡುವವನನ್ನು ನೋಡುವವನೊಬ್ಬ, ಅವನನ್ನು ನೋಡುವವನಿನ್ನೊಬ್ಬ ಎಂಬ ಸರಪಣಿಯು ಬೆಳೆಯುತ್ತದೆ. ತರ್ಕಶಾಸ್ತ್ರದಲ್ಲಿ ಇದನ್ನು ಅನವಸ್ಥಾದೋಷವೆನ್ನುವರು. ಆಡಳಿತದಲ್ಲಿ ಎಲ್ಲಾದರೊಂದೆಡೆ ನಿಲ್ಲಿಸಿ ನಂಬದೆ ವಿಧಿಯಿಲ್ಲ.

ಪರಿಶೀಲಕರೆಲ್ಲರೂ ಖಾಸಗಿಯವರೆಂದು ಭಾವಿಸಬಾರದು. ಪರದೇಶಗಳಿಗೆ ಮಾಂಸವನ್ನು ಕಳುಹಿಸುವ ಕಸಾಯಿಖಾನೆಗಳಲ್ಲಿ ಸರ್ಕಾರದ ಪಶುವೈದ್ಯರೇ ಈ ಕೆಲಸವನ್ನು ಮಾಡುತ್ತಾರೆ. ಕೊಳ್ಳುವ ದೇಶಗಳು ಅದನ್ನೇ ಅಪೇಕ್ಷಿಸುತ್ತವೆ. ಹಾಲು ಮೊದಲಾದ ಕ್ಷೇತ್ರಗಳಲ್ಲಿ ಪ್ರಮುಖವಾದ ಅಷೂರ್‌ಕ್ವಾಲಿಟಿ ಎಂಬ ಸಂಸ್ಥೆಯು 2007ರಲ್ಲಿ ಎರಡು ಸಂಸ್ಥೆಗಳು ಕೂಡಿ ಆದುದು. ಅದು ಸರ್ಕಾರದ ಸ್ವತ್ತಾದರೂ ವ್ಯಾಪಾರಸಂಸ್ಥೆಯಂತೆ ಶುಲ್ಕದಿಂದ ನಡೆಯುತ್ತದೆ. ರಫ್ತಿನ ಭರವಸೆಪತ್ರಕ್ಕೆ ಸಹಿಮಾಡುವ ಅಧಿಕಾರವನ್ನು ಮಾತ್ರ ಸರ್ಕಾರವು ಯಾರಿಗೂ ಬಿಟ್ಟುಕೊಟ್ಟಿಲ್ಲ.

ಇನ್ನು ಪ್ರಸಂಗಕ್ಕೆ ಬರಬಹುದು. ಉತ್ತರದ್ವೀಪದ ವೈಕಾಟೊ ಪ್ರಾಂತದಲ್ಲಿ ಹೌಟಪು ಎಂಬಲ್ಲಿ ಫಾಂಟೆರಾ ಸಂಸ್ಥೆಯ ಕಾರ್ಖಾನೆಯೊಂದಿದೆ. ಹಾಲನ್ನು ಒಡೆದು ಗಿಣ್ಣು ಮಾಡುವಾಗ ಬೇರೆಯಾಗುವ ತಿಳಿಯಿಂದ ಪ್ರೋಟೀನನ್ನು ಬೇರ್ಪಡಿಸಿ ಪುಡಿಮಾಡುವ ಕೆಲಸವು ಅಲ್ಲಿ ನಡೆಯುವುದು. ಈ ಪುಡಿಯು ಶಿಶುಗಳ ಆಹಾರದಲ್ಲಿ ಸೇರುವ ಒಂದು ದ್ರವ್ಯ. 2012ರ ಮೊದಲಲ್ಲಿ ಅಲ್ಲಿ ಒಂದು ಕೈದೀಪದ ಗಾಜಿನ ಸ್ಥಾನದಲ್ಲಿದ್ದ ಪ್ಲಾಸ್ಟಿಕ್ ಬಿಲ್ಲೆಯು ಒಡೆದು, ಅದರ ಚೂರುಗಳು ಪುಡಿಯಲ್ಲಿ ಬಿದ್ದಿರಬಹುದೆಂಬ ಶಂಕೆ ಬಂದಿತು. ಪುಡಿಯನ್ನು ಎಸೆಯುವ ಬದಲು, ಮೇ ತಿಂಗಳಲ್ಲಿ, ಅದನ್ನು ನೀರಿನಲ್ಲಿ ಕರಗಿಸಿ, ಸೋಸಿ, ಮತ್ತೆ ಒಣಗಿಸಲಾಯಿತು. ಹೀಗೆ ಮರುತಯಾರಾದ ಪುಡಿ ಸುಮಾರು 38 ಟನ್ನುಗಳು. ಈ ಮರುತಯಾರಿಕೆಗಾಗಿ ನಿತ್ಯದ ಏರ್ಪಾಟಿಗೆ ಸೇರದ ತಾತ್ಕಾಲಿಕ ಕೊಳವೆಯೊಂದನ್ನು ಜೋಡಿಸಿದ್ದರು. ಅದನ್ನು ಸಾಕಾದಷ್ಟು ಶುಚಿಮಾಡಿರಲಿಲ್ಲ. ಆ ಮರುತಯಾರಿಕೆಯ ವಿಧಾನವು ನೋಂದಾಯಿತವಾದ ಯೋಜನೆಯಲ್ಲಿ ಇರಲಿಲ್ಲ. ಅದನ್ನು ಪರಿಶೀಲಕನಿಗೆ ತಿಳಿಸಿಯೂ ಇರಲಿಲ್ಲ.

ಮರುವರ್ಷದ ಮಾರ್ಚಿಯಲ್ಲಿ, ಆಸ್ಟ್ರೇಲಿಯದಲ್ಲಿರುವ ಅದೇ ಸಂಸ್ಥೆಯ ಡಾರ್ನಮ್ ಕಾರ್ಖಾನೆಯಲ್ಲಿ ಈ ಪುಡಿಯನ್ನು ಬಳಸಿದಾಗ, ಕ್ಲಾಸ್ಟ್ರಿಡಿಯಮ್ ವರ್ಗದ ಬ್ಯಾಕ್ಟೀರಿಯಗಳು ವಾಡಿಕೆಗಿಂತ ಹೆಚ್ಚಾಗಿ ಕಂಡವು. ಈ ವರ್ಗದಲ್ಲಿ ಬಹು ಜಾತಿಗಳುಂಟು. ಅವುಗಳಲ್ಲಿ ಬೊಟುಲಿನಮ್ ಎಂಬುದು ಮನುಷ್ಯನಿಗೆ ತಿಳಿದಿರುವ ಅತ್ಯುಗ್ರ ವಿಷಗಳಲ್ಲೊಂದನ್ನು ಸ್ರವಿಸುವುದು. ಅದಕ್ಕೆ ಅತಿ ಸಮೀಪದ ನಂಟನಾದ ಸ್ಪೋರೊಜಿನಿಸ್ ಎಂಬುದು ಪದಾರ್ಥವನ್ನು ಕೆಡಿಸುವುದೇ ಹೊರತು ಆ ವಿಷವನ್ನುಂಟುಮಾಡುವುದಿಲ್ಲ. ಎರಡನ್ನೂ ಬೇರ್ಪಡಿಸಿ ಗುರುತಿಸುವುದು ಸುಲಭವಲ್ಲ. ಪರೀಕ್ಷೆಗಳು ಸಾಗುತ್ತ ಹೋಗಿ, ಜುಲೈ ಕೊನೆಯಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗದ ಫಲವು ಬೊಟುಲಿನಮಿನ ಕಡೆಗೆ ಬೆರಳು ತೋರಿತು. ಆಗಸ್ಟ್ 2ರಂದು ಸಂಸ್ಥೆಯು ಸರ್ಕಾರಕ್ಕೆ ತಿಳಿಸಿತು. ಮರುದಿನ ಜಗತ್ತಿಗೆಲ್ಲ ತಿಳಿಯಿತು. ಆ ವೇಳೆಗೆ ಪುಡಿಯು ಹಲವು ದೇಶಗಳ ಹಲವು ಪದಾರ್ಥಗಳಲ್ಲಿ ಸೇರಿಹೋಗಿದ್ದಿತು. ಯಾವುದು ಎಲ್ಲಿದೆಯೆಂದು ಹುಡುಕಿ ಹೇಳುವುದಕ್ಕೆ ಸಂಸ್ಥೆಗೆ ದಿನಗಳೇ ಹಿಡಿದವು. ಅಂಗಡಿಗಳಲ್ಲಿದ್ದ ಶಿಶುಆಹಾರದ ಡಬ್ಬಗಳನ್ನು ಹಿಂದಕ್ಕೆ ಕರೆಸಿದರು. ಐದು ವರ್ಷಗಳ ಹಿಂದೆ ಶಿಶುಗಳನ್ನು ಕಳೆದುಕೊಂಡ ಚೀನಾದೇಶದ ತಾಯಂದಿರು ಈ ಸುದ್ದಿಯನ್ನು ಹೇಗೆ ಕೇಳಿರಬಹುದೆಂಬುದನ್ನು ಊಹಿಸಬಹುದು. ಆ ದೇಶವು ಈ ಪುಡಿಯ ಆಮದನ್ನು ತಡೆಹಿಡಿಯಿತು.

ನ್ಯೂಜಿಲೆಂಡ್ ಸರ್ಕಾರವು ಸ್ವದೇಶದಲ್ಲಿಯೂ ಅಮೆರಿಕದಲ್ಲಿಯೂ ಪುನಃಪರೀಕ್ಷೆಗಳನ್ನು ಮಾಡಿಸಿತು. ಆಗಸ್ಟ್ 28ರಂದು ಫಲವನ್ನು ಸಾರಿತು: ಪುಡಿಯಲ್ಲಿದ್ದುದು ಬೊಟುಲಿನಮ್ ಅಲ್ಲ, ಸ್ಪೋರೊಜಿನಿಸ್. ಬೊಟುಲಿನಮ್ ವಿಷದ ಭಯವು ಮೊದಲಿನಿಂದಲೂ ಆಧಾರವಿಲ್ಲದ್ದಾಗಿದ್ದಿತು.

ಪ್ರಸಂಗವು ಇಲ್ಲಿಗೆ ಮುಗಿಯಬೇಕಾಗಿದ್ದಿತೆಂದು ಲೌಕಿಕನಿಗೆ ತೋರಬಹುದು. ಅಪಾಯವೇ ಇಲ್ಲದಿದ್ದ ಮೇಲೆ ಅಪರಾಧವೆಲ್ಲಿಯದು? ಆದರೆ 2014ರ ಏಪ್ರಿಲಿನಲ್ಲಿ ವೆಲಿಂಗ್‌ಟನ್ನಿನ ನ್ಯಾಯಸ್ಥಾನದಲ್ಲಿ ಫಾಂಟೆರಾ ಸಂಸ್ಥೆಯು ನಾಲ್ಕು ಆರೋಪಗಳನ್ನು ಒಪ್ಪಿಕೊಂಡು 3,00,000 ಡಾಲರುಗಳ ದಂಡವನ್ನು ತೆತ್ತಿತು. ಆ ನಾಲ್ಕು ಆರೋಪಗಳು ಇಡೀ ಪದ್ಧತಿಗೆ ಭಾಷ್ಯದಂತಿವೆ. ನೋಂದಾಯಿತ ಯೋಜನೆಗೆ ಅನುಗುಣವಲ್ಲದೆ ಪದಾರ್ಥವನ್ನು ತಯಾರಿಸಿದುದು ಒಂದು. ಗೊತ್ತಾದ ಮಟ್ಟವನ್ನು ಮುಟ್ಟದ ಪದಾರ್ಥವನ್ನು ರಫ್ತುಮಾಡಿದುದು ಎರಡನೆಯದು. ಯೋಜನೆಯಂತೆ ತಯಾರಿಕೆ ನಡೆದಿಲ್ಲವೆಂಬ ಗುರುತರವಾದ ಶಂಕೆಯನ್ನು ಪರಿಶೀಲಕನಿಗೆ ತಿಳಿಸದಿದ್ದುದು ಮೂರನೆಯದು. ರಫ್ತಾದ ಪದಾರ್ಥವು ಉದ್ದೇಶಕ್ಕೆ ತಕ್ಕುದಲ್ಲವೆಂಬುದನ್ನು ಸರ್ಕಾರಕ್ಕೆ ಕೂಡಲೇ ತಿಳಿಸದಿದ್ದುದು ನಾಲ್ಕನೆಯದು. ಯಾರಿಗಾದರೂ ಕೇಡಾಯಿತೆಂಬ ಆರೋಪವು ಇವುಗಳಲ್ಲಿ ಒಂದೂ ಇಲ್ಲ. ಶಾಸನವು ದಂಡಿಸಿದುದು ಬರಹಕ್ಕೂ ನಡೆಗೂ ಬಿದ್ದ ಬಿರುಕನ್ನು. ಅದಕ್ಕಿಂತ ಹೆಚ್ಚಾಗಿ, ಆ ಬಿರುಕನ್ನು ತೋರಿಸದೆ ಸುಮ್ಮನಿದ್ದುದನ್ನು. ಕೌಟಿಲ್ಯನಲ್ಲಿ ತಲೆಕಾಲುಗಳಿಲ್ಲದ ಮಾಂಸವು ಕೆಟ್ಟದ್ದೇ ಆಗಿರಬೇಕಾಗಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬಹುದು.

ಪರಿಶೀಲಕನು ಎಷ್ಟೇ ದಕ್ಷನಾಗಿದ್ದರೂ ಮೇ ತಿಂಗಳ ಆ ಕೊಳವೆಯನ್ನು ಕಾಣುತ್ತಿದ್ದನೆಂದು ಹೇಳುವುದು ಕಷ್ಟ. ಅವನು ಕಾರ್ಖಾನೆಯಲ್ಲಿ ವಾಸಿಸುವವನಲ್ಲ. ತಾತ್ಕಾಲಿಕವಾದುದು ಅವನ ಭೇಟಿಗಳ ನಡುವೆ ಹುಟ್ಟಿ ನಡುವೆಯೇ ಅಳಿಯುತ್ತದೆ. ಯೋಜನೆಯೊಳಗಿನ ತಪ್ಪು ಯೋಜನೆಯ ಪುಟದಲ್ಲಿ ಸಿಕ್ಕುವುದು. ಯೋಜನೆಯ ಹೊರಗಿನದಕ್ಕೆ ತಾಳೆ ನೋಡಲು ಪುಟವೇ ಇಲ್ಲ. ಅದಕ್ಕಾಗಿಯೇ ಶಾಸನವು ಹೇಳಿಕೊಳ್ಳುವ ಭಾರವನ್ನು ಉದ್ಯಮಿಯ ಮೇಲೆ ಹೊರಿಸಿರುವುದು. ಸ್ವತಂತ್ರ ಪರಿಶೀಲನೆಯೆಂಬ ಮಾತಿನಿಂದ, ಉದ್ಯಮಿಯನ್ನು ನಂಬಬೇಕಾದ ಆವಶ್ಯಕತೆಯೇ ತಪ್ಪಿತೆಂಬ ಅರ್ಥವನ್ನು ಎಳೆಯುವವರುಂಟು. ವಾಸ್ತವದಲ್ಲಿ ಆ ನಂಬಿಕೆಯು ತಪ್ಪುವುದಿಲ್ಲ. ಅದನ್ನು ಮುರಿದಾಗ ಮುರಿದುದು ಇಂತಹದೇ ಎಂದು ಬೊಟ್ಟುಮಾಡಿ ತೋರುವುದಕ್ಕೆ ಸಾಧ್ಯವಾಗುತ್ತದೆ, ಅಷ್ಟೇ. ಇದನ್ನು ಅಲ್ಪವೆಂದು ಎಣಿಸಬೇಕಾಗಿಲ್ಲ. ಯೋಜನೆಯೆಂಬ ಬರಹವೇ ಇಲ್ಲದಿದ್ದ ಪಕ್ಷದಲ್ಲಿ, ಹಳೆಯ ಕೊಳವೆಯೊಂದನ್ನು ಜೋಡಿಸಿದುದು ಕಾರ್ಖಾನೆಯ ದಿನಚರಿಯ ಒಂದು ಸಂಗತಿಯಾಗಿ ಮರೆತುಹೋಗುತ್ತಿದ್ದಿತು.

ಈ ಘಟನೆಯನ್ನು ವಿಚಾರಮಾಡುವುದಕ್ಕೆ ನ್ಯಾಯವಾದಿ ಮಿರಿಯಮ್ ಡೀನ್ ಅವರ ಅಧ್ಯಕ್ಷತೆಯಲ್ಲಿ ಸರ್ಕಾರವು ನೇಮಿಸಿದ ಸಮಿತಿಯು 2013ರ ಡಿಸೆಂಬರಿನಲ್ಲಿ ಒಂದು, 2014ರ ಕೊನೆಯಲ್ಲಿ ಇನ್ನೊಂದು ವರದಿಯನ್ನು ಕೊಟ್ಟಿತು. ನಿಯಮಗಳ ಚೌಕಟ್ಟು ಮೂಲತಃ ದೃಢವಾಗಿದೆಯೆಂದೇ ಸಮಿತಿಯ ಅಭಿಪ್ರಾಯ. ಆದರೆ ಸಂಸ್ಥೆಯೊಳಗೆ ಆಹಾರಸುರಕ್ಷತೆಯ ಎಚ್ಚರವು ಪ್ರತಿಯೊಬ್ಬ ಕೆಲಸಗಾರನವರೆಗೂ ಇಳಿದಿರಲಿಲ್ಲವೆಂದೂ, ಪದಾರ್ಥದ ಜಾಡನ್ನು ಹಿಡಿಯುವ ಏರ್ಪಾಟು ಸಾಲದೆಂದೂ, ಪರೀಕ್ಷೆಯನ್ನು ಮಾಡಿಸುವುದರಲ್ಲಿಯೂ ಅದರ ಫಲವನ್ನು ಅರ್ಥಮಾಡುವುದರಲ್ಲಿಯೂ ಲೋಪಗಳಾದುವೆಂದೂ ಅದು ತೋರಿಸಿತು. ಸಮಿತಿಯ ಸಲಹೆಗಳನ್ನು ಕಾರ್ಯಗತಮಾಡುವುದಕ್ಕಾಗಿ 2018ರಲ್ಲಿ ಆಹಾರಸುರಕ್ಷಾ ಶಾಸನಗಳ ಸುಧಾರಣೆಯ ಕಾಯಿದೆಯು ಬಂದಿತು. ಅದರಿಂದ ದಂಡಗಳು ಹೆಚ್ಚಿದವು. ಪದಾರ್ಥಗಳ ಜಾಡನ್ನು ತೋರಿಸುವ ಹೊಣೆಯು ಬಿಗಿಯಾಯಿತು. ಮನ್ನಣೆ ಪಡೆದ ಪರಿಶೀಲಕರನ್ನು ಕುರಿತ ವಿಧಿಗಳನ್ನು ಆಹಾರ, ದ್ರಾಕ್ಷಾಮದ್ಯ, ಪ್ರಾಣಿಜನ್ಯ ಪದಾರ್ಥ ಈ ಮೂರರ ಶಾಸನಗಳಲ್ಲಿಯೂ ಒಂದೇ ತೆರನಾಗಿ ಮಾಡಲಾಯಿತು. ಪರಿಶೀಲಕನ ಕೂಲಿಯನ್ನು ಉದ್ಯಮಿಯೇ ತೆರಬೇಕೆಂಬ ಕ್ರಮವು ಮಾತ್ರ ಹಾಗೆಯೇ ಉಳಿಯಿತು.

ಭಾರತದಲ್ಲಿಯೂ 2018ರಲ್ಲಿಯೇ ಆಹಾರಸುರಕ್ಷಾ ಪ್ರಾಧಿಕಾರವು ಲೆಕ್ಕಪರಿಶೋಧನೆಯ ಮಾದರಿಯ ನಿಯಮಾವಳಿಯೊಂದನ್ನು ಹೊರಡಿಸಿ, ಮನ್ನಣೆ ಪಡೆದ ಖಾಸಗಿ ಸಂಸ್ಥೆಗಳು ಆಹಾರೋದ್ಯಮಗಳನ್ನು ಪರಿಶೋಧಿಸುವುದಕ್ಕೆ ಅವಕಾಶಮಾಡಿತು. ಹಾಲು, ಮಾಂಸ, ಮೀನುಗಳ ಉದ್ಯಮಗಳು ಅದಕ್ಕೆ ಒಳಪಡುವವುಗಳಲ್ಲಿ ಸೇರಿವೆ. ಇಲ್ಲಿಯೂ ಶುಲ್ಕವನ್ನು ತೆರುವವನು ಉದ್ಯಮಿಯೇ.

ಹೌಟಪುವಿನ ಪುಡಿಯ ವಿಚಾರದಲ್ಲಿ ಒಂದು ವ್ಯಾಜ್ಯವು ಇನ್ನೂ ಉಳಿದಿದ್ದಿತು. ಶಿಶುಆಹಾರವನ್ನು ಹಿಂದಕ್ಕೆ ಕರೆಸಿ ನಷ್ಟಕ್ಕೊಳಗಾದ ಡಾನೋನ್ ಎಂಬ ಫ್ರೆಂಚ್ ಕಂಪೆನಿಯು ಪರಿಹಾರವನ್ನು ಕೇಳಿದ್ದಿತು. 2017ರ ಡಿಸೆಂಬರಿನಲ್ಲಿ ಮಧ್ಯಸ್ಥರ ನ್ಯಾಯಮಂಡಲಿಯು, ಕೊನೆಗೆ ನಿರಪಾಯವೆಂದು ತೀರ್ಮಾನವಾದ ಆ 38 ಟನ್ನು ಪುಡಿಯ ಸಲುವಾಗಿ, ಫಾಂಟೆರಾ ಸಂಸ್ಥೆಯು 10.5 ಕೋಟಿ ಯೂರೋಗಳನ್ನು ಕೊಡಬೇಕೆಂದು ತೀರ್ಪಿತ್ತಿತು.